ಮುಂಗುಸಿ ಇಟ್ಟ ಹೆಸರು

ಕನ್ನಡಕದಣ್ಣನ ಹೊಟ್ಟೆಕಿಚ್ಚಿನ ಮೇಲೆ ಒಂದು ಹಂಡೆ ನೀರಿಟ್ಟರೆ ಅರ್ಧ ಬೀದಿಗೆ ಸ್ನಾನಕ್ಕಾಗುತ್ತದೆ ಎಂದು ಅವನ ಹೆಂಡತಿ ಹೇಳುತ್ತಿದ್ದಳು. ಆಕೆ ಹಿಗ್ಗಿಸಿ ಮಾತಾಡುವ ಹೆಂಗಸಲ್ಲ. ಗಂಡನ ಮಾನ ಕಾಯಬೇಕೆಂದು ಉಳಿದರ್ಧ ಬೀದಿಯನ್ನು ಬಿಟ್ಟು ಹೇಳುತ್ತಿದ್ದಳು, ಅಷ್ಟೇ.

ಅವನಿಗೆ ಐವತ್ತೆಂಟು. ಮೂವತ್ತು ವರ್ಷದಿಂದ ಒಂದು ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವ ಕೆಲಸ. ಮುಂದುಗಡೆ ಮಾಲೀಕರು ಗಿರಾಕಿಗಳನ್ನು ಕುರ್ಚಿಯಲ್ಲಿ ಕೂರಿಸಿ ಗೋಡೆಯ ಮೇಲಿನ ಅಕ್ಷರ ಓದಿಸುತ್ತಿದ್ದರು. ಹಿಂದೆ ಇವನು ತಿರುಗುವ ಕಲ್ಲಿಗೆ ನೀರು ಬಿಟ್ಟುಕೊಂಡು ಗಾಜನ್ನು ಚೌಕಟ್ಟಿನ ಅಳತೆಗೆ ಅರೆಯುತ್ತಿದ್ದ. ಸಂಜೆ ಮನೆಗೆ ಹೊರಟಾಗ ಹುಬ್ಬಿನ ಮೇಲೆ ಬಿಳಿ ಗಾಜಿನ ಹಿಟ್ಟು ಕೂತು, ಮುಪ್ಪು ಅವನ ಮುಖಕ್ಕೆ ಮೇಲಿನಿಂದ ಉದುರಿದ ಹಾಗೆ ಕಾಣುತ್ತಿತ್ತು.

ಎದುರಿನ ಗಡಿಯಾರದವನ ಮೇಜಿನ ದೀಪ ತನ್ನ ದೀಪಕ್ಕಿಂತ ಬೆಳ್ಳಗಿದೆ ಎಂದು ಅವನು ಒಂದು ಮಳೆಗಾಲ ಪೂರ್ತಿ ಕೊರಗಿದ್ದ. ಎಂಬತ್ತು ದಾಟಿದ ಒಬ್ಬ ಅಜ್ಜ ಬರಿಗಣ್ಣಿನಲ್ಲೇ ಗೋಡೆಯ ಕೊನೆಯ ಸಾಲನ್ನು ಗಡಗಡ ಓದಿ, ಸಾಲದೆಂಬಂತೆ ಅದರ ಕೆಳಗೆ ಇರುವೆ ಸಾಲಿನಂತಿದ್ದ ಮುದ್ರಣಾಲಯದ ವಿಳಾಸವನ್ನೂ ಓದಿದಾಗ ಇವನಿಗೆ ಎರಡು ದಿನ ಅನ್ನ ಸೇರಲಿಲ್ಲ.

ಇಂಥವನಿಗೆ ಲೋಕದಲ್ಲಿ ಒಂದೇ ಒಂದು ತಂಪಾದ ಜಾಗವಿತ್ತು. ಅದು ‘ಕ್ಯಾಸೆಟ್ ಕಪಾಟು’. ಹಳೆಯ ಕಂಪ್ಯೂಟರ್ ಆಟಗಳ ಹುಚ್ಚು ಹಿಡಿದವರೆಲ್ಲ ಸೇರುವ ವೆಬ್‌ಸೈಟು. ಇಪ್ಪತ್ತೊಂದು ವರ್ಷದ ಹಿಂದೆ ಇವನೇ ಒಂದು ಪುಸ್ತಕ ನೋಡಿಕೊಂಡು, ಒಂದೊಂದೇ ಅಕ್ಷರ ಕುಟ್ಟಿ ಕಟ್ಟಿದ್ದು. ಅಲ್ಲಿ ಅವನು ಸದಸ್ಯ ಸಂಖ್ಯೆ ಒಂದು. ಅಲ್ಲಿ ಅವನು ಯಾರನ್ನೂ ನೋಡಿ ಉರಿಯಬೇಕಾಗಿರಲಿಲ್ಲ. ಉರಿಯುವ ಸರದಿ ಬೇರೆಯವರದು.

ಕಂಪ್ಯೂಟರ್ ಆಟಗಳು ಟೇಪಿನ ಕ್ಯಾಸೆಟ್ಟಿನಲ್ಲಿ ಬರುತ್ತಿದ್ದ ಕಾಲವೊಂದಿತ್ತು. ಕ್ಯಾಸೆಟ್ ಹಾಕಿ ಗುಂಡಿ ಒತ್ತಿದರೆ ಹತ್ತು ಬೆಕ್ಕುಗಳನ್ನು ಒಂದೇ ಚೀಲಕ್ಕೆ ತುಂಬಿದಂಥ ಕಿರಿಚಾಟ. ಹತ್ತು ನಿಮಿಷ ಅದನ್ನು ಸಹಿಸಿಕೊಂಡರೆ, ಅದೃಷ್ಟವಿದ್ದರೆ, ಪರದೆಯ ಮೇಲೆ ಆಟ ಏಳುತ್ತಿತ್ತು. ನಲವತ್ತು ವರ್ಷ ಅಟ್ಟದಲ್ಲಿ ಬಿದ್ದಿದ್ದ ಕ್ಯಾಸೆಟ್ಟು ಸುಮ್ಮನೆ ಏಳುವುದಿಲ್ಲ. ಟೇಪ್ ರೆಕಾರ್ಡರಿನ ಒಳಗೆ ಒಂದು ಪುಟ್ಟ ತಿರುಪಿದೆ. ಕಿರಿಚಾಟಕ್ಕೆ ಕಿವಿಗೊಟ್ಟು ಅದನ್ನು ಕೂದಲೆಳೆಯಷ್ಟು ಅತ್ತ, ಕೂದಲೆಳೆಯಷ್ಟು ಇತ್ತ ತಿರುಗಿಸಬೇಕು. ಕನ್ನಡಕದ ಕಾಲು ಬಿಗಿಮಾಡುವ ಪುಟ್ಟ ಸ್ಕ್ರೂಡ್ರೈವರು ಅದಕ್ಕೆ ಹೇಳಿ ಮಾಡಿಸಿದ್ದು. ಅದು ಕನ್ನಡಕದಣ್ಣನ ಜೇಬಿನಲ್ಲಿ ಸದಾ ಇರುತ್ತಿತ್ತು. ಕಿರಿಚಾಟ ಕೇಳಿಯೇ ಒಳಗಿರುವುದು ಗುಂಡು ಹಾರಿಸುವ ಆಟವೋ, ದಾರಿ ಹುಡುಕುವ ಆಟವೋ ಎಂದು ಅವನು ಹೇಳುತ್ತಿದ್ದನಂತೆ. ಆಟ ಬರೆದವನಿಗೆ ಆ ದಿನ ನೆಗಡಿಯಾಗಿತ್ತೇ ಎಂಬುದನ್ನೂ ಹೇಳುತ್ತಿದ್ದ ಎನ್ನುವವರಿದ್ದಾರೆ.

ಹೀಗೆ ಒಂದು ಕ್ಯಾಸೆಟ್ಟಿಗೆ ಜೀವ ತರಿಸುವುದಕ್ಕೆ ಅವರ ಭಾಷೆಯಲ್ಲಿ ‘ಎಬ್ಬಿಸುವುದು’ ಎಂದು ಹೆಸರು. ಎಬ್ಬಿಸಿದವರು ಆಟ ಬರೆದವರನ್ನು ಹುಡುಕಿ, ಒಪ್ಪಿಗೆ ಪಡೆದು, ಆಮೇಲೆ ಸೈಟಿಗೆ ಹಾಕಬೇಕು. ಪ್ರತಿ ಆಟದ ಪುಟದ ತಲೆಯಲ್ಲಿ ‘ಎಬ್ಬಿಸಿದವರು’ ಎಂದು ಒಂದು ಸಾಲು. ಅಲ್ಲಿದ್ದ ಆರುನೂರ ನಲವತ್ತು ಆಟಗಳಲ್ಲಿ ನಾನೂರ ಹನ್ನೆರಡರ ಮೇಲೆ ‘ಎಬ್ಬಿಸಿದವರು: ಸದಸ್ಯ ಒಂದು’ ಎಂದಿತ್ತು. ಆ ಸಾಲನ್ನು ಅವನು ದಿನಕ್ಕೊಮ್ಮೆ ಓದಿಕೊಳ್ಳುತ್ತಿದ್ದ, ಕೆಲವರು ಮಾತ್ರೆ ನುಂಗುವ ಹಾಗೆ.

ಆದರೆ ಕಾಲ ಯಾರ ಮಾತು ಕೇಳುತ್ತದೆ? ಜನ ಫೋನಿಗೆ ಬಂದರು. ಕಪಾಟು ಫೋನಿನಲ್ಲಿ ತೆರೆಯುತ್ತಿರಲಿಲ್ಲ. ತೆರೆದರೂ ಕಪ್ಪು ಹಲಗೆಯ ಮೇಲೆ ಸಾಸಿವೆ ಗಾತ್ರದ ಹಸಿರು ಅಕ್ಷರ. ದಿನಕ್ಕೆ ಮುನ್ನೂರು ಜನ ಬರುತ್ತಿದ್ದ ಕಡೆ ಮೂವರು ಬರತೊಡಗಿದರು. ಅವರಲ್ಲಿ ಇಬ್ಬರು ದಾರಿ ತಪ್ಪಿ ಬಂದವರು.

“ಬೋರ್ಡಿನವರನ್ನ ಕೇಳಬಾರದಾ?” ಎಂದಳು ಹೆಂಡತಿ.

ಬೋರ್ಡಿನವನೆಂದರೆ ಅವನ ಷಡ್ಡಕ. ನಾದಿನಿಯ ಗಂಡ. ಅಂಗಡಿಗಳಿಗೆ ದೀಪದ ಬೋರ್ಡು ಮಾಡಿಕೊಡುತ್ತಿದ್ದ. ಜೊತೆಗೆ ಈಚೆಗೆ ವೆಬ್‌ಸೈಟುಗಳನ್ನೂ. ಷಡ್ಡಕ ಎಂಬ ಸಂಬಂಧವನ್ನು ದೇವರು ಹೋಲಿಸಿ ನೋಡುವುದಕ್ಕೆಂದೇ ಸೃಷ್ಟಿಸಿದ್ದಾನೆ. ಒಂದೇ ಮನೆಯ ಇಬ್ಬರು ಅಳಿಯಂದಿರನ್ನು ಒಂದೇ ಸೋಫಾದ ಮೇಲೆ ಕೂರಿಸಿದರೆ ಸಾಕು, ಬೇರೆ ತಕ್ಕಡಿ ಬೇಡ. ಬೋರ್ಡಿನವನಿಗೆ ಐವತ್ತಾದರೂ ತಲೆತುಂಬ ಕೂದಲು, ಬಾಚಣಿಗೆ ಒಳಗೆ ಹೋದರೆ ದಾರಿ ಕೇಳಿಕೊಂಡು ಹೊರಬರಬೇಕು. ಮಾವನವರು ಅವನ ಜೋಕಿಗೆ, ಅವನು ಬಾಯಿ ತೆರೆಯುವ ಮೊದಲೇ ನಗುತ್ತಿದ್ದರು. ಕೆಟ್ಟವನಾಗಿದ್ದರೆ ಕನ್ನಡಕದಣ್ಣನಿಗೆ ಎಷ್ಟೋ ನೆಮ್ಮದಿ ಇರುತ್ತಿತ್ತು. ಹಾಳಾದವನು ಒಳ್ಳೆಯವನಾಗಿದ್ದ.

ಅವನು ಭಾನುವಾರ ಬಂದು, ಊಟದ ಮೇಜಿನ ಮೇಲೆ ಲ್ಯಾಪ್‌ಟಾಪು ಬಿಚ್ಚಿ, ಕಪಾಟನ್ನು ಒಂದು ನಿಮಿಷ ನೋಡಿದ.

“ಅಣ್ಣಾ, ಒಂದು ಕೇಳ್ಲಾ? ಬೇಜಾರು ಮಾಡ್ಕೋಬೇಡಿ.”

“ಕೇಳಪ್ಪ.”

“ಈ ಅಕ್ಷರ ಇಷ್ಟು ಸಣ್ಣ ಇಟ್ಟಿರೋದು ನಿಮ್ಮ ಅಂಗಡಿ ವ್ಯಾಪಾರಕ್ಕಾ?”

ಹೆಂಡತಿ ಅಡುಗೆಮನೆಯಲ್ಲಿ ತಟ್ಟೆ ಬೀಳಿಸಿ ನಕ್ಕಳು. ಕನ್ನಡಕದಣ್ಣನೂ ನಕ್ಕ, ಹಲ್ಲುನೋವಿದ್ದವನು ಫೋಟೋಕ್ಕೆ ನಕ್ಕ ಹಾಗೆ.

ತಿಂಗಳಲ್ಲಿ ಸೈಟಿನ ಮುಖವೇ ಬೇರೆಯಾಯಿತು. ಬೆಳಕಾದ ಹಿನ್ನೆಲೆ, ದಪ್ಪ ಅಕ್ಷರ, ಬೆರಳಿಟ್ಟರೆ ತೆರೆದುಕೊಳ್ಳುವ ಚಿತ್ರಗಳು. ಬಿಟ್ಟುಹೋದವರೆಲ್ಲ ವಾಪಸು ಬಂದರು, ಜೊತೆಗೆ ತಮ್ಮ ತಮ್ಮಂದಿರನ್ನೂ ಕರೆತಂದರು. ಮೆಚ್ಚಿದ್ದಕ್ಕೆ ಒತ್ತುವ ಪುಟ್ಟ ಹೃದಯದ ಗುಂಡಿಯೊಂದು ಹೊಸದಾಗಿ ಬಂತು. ಬೋರ್ಡಿನವನಿಗೆ ಒಂದೇ ದಿನ ಇನ್ನೂರ ಎಂಬತ್ತು ಹೃದಯ ಬಿದ್ದವು. ಕನ್ನಡಕದಣ್ಣನಿಗೆ ಇಪ್ಪತ್ತೊಂದು ವರ್ಷದಲ್ಲಿ ಒಂದೂ ಬಿದ್ದಿರಲಿಲ್ಲ. ಗುಂಡಿ ಹುಟ್ಟಿದ್ದೇ ಮೊನ್ನೆ ಎಂಬುದನ್ನು ಹೊಟ್ಟೆಗೆ ತಿಳಿಸಿ ಹೇಳುವವರಾರು?

ಅದಿರಲಿ, ಆಟಗಳ ಪುಟದಲ್ಲಿ ‘ಎಬ್ಬಿಸಿದವರು’ ಸಾಲು ತಲೆಯಿಂದ ಇಳಿದು ಪಾದಕ್ಕೆ ಬಂದಿತ್ತು, ಬೂದಿ ಬಣ್ಣದಲ್ಲಿ.

“ಈ ಬಣ್ಣ ನಲವತ್ತು ದಾಟಿದವರಿಗೆ ಕಾಣಲ್ಲ ಕಣಯ್ಯಾ,” ಎಂದು ಫೋನಿನಲ್ಲಿ ಹೇಳಿದ.

“ಈಗಿನವರಿಗೆ ಇದೇ ಇಷ್ಟ ಅಣ್ಣಾ. ಕಣ್ಣಿಗೆ ಹಿತ.”

ಕಣ್ಣಿನ ವಿಷಯವನ್ನು ಬೋರ್ಡಿನವನು ಕನ್ನಡಕದವನಿಗೆ ಹೇಳಿಕೊಡುವ ಕಾಲ ಬಂತಲ್ಲ! ಮರುದಿನ ಮಧ್ಯಾಹ್ನ, ಮಾಲೀಕರು ಊಟಕ್ಕೆ ಹೋದ ಹೊತ್ತಿನಲ್ಲಿ, ತಿರುಗುವ ಕಲ್ಲನ್ನು ನಿಲ್ಲಿಸಿ, ಒದ್ದೆ ಕೈ ಒರೆಸಿಕೊಂಡು, ಅವನು ಸೈಟಿನಲ್ಲಿ ಹೊಸ ಸದಸ್ಯನೊಬ್ಬನನ್ನು ಹುಟ್ಟಿಸಿದ. ಹೆಸರು: ಮುಂಗುಸಿ.

ಇದು ಸಣ್ಣ ತಪ್ಪಲ್ಲ. ಸೈಟಿನ ನಾಲ್ಕನೆಯ ನಿಯಮ, ‘ಒಬ್ಬರಿಗೆ ಒಂದೇ ಹೆಸರು, ಎರಡು ಇಟ್ಟುಕೊಂಡವರ ಎರಡೂ ಹೆಸರು ಅಳಿಸಲಾಗುವುದು.’ ಬರೆದವನು ಇವನೇ. ಅದರಡಿ ಏಳು ಜನರನ್ನು ಹೊರಹಾಕಿದವನೂ ಇವನೇ. ಅವರಲ್ಲೊಬ್ಬ ಬಸ್ ಕಂಡಕ್ಟರು. ಅವನು ಮಾಡಿದ್ದ ಪಾಪವೆಂದರೆ, ತನ್ನ ಹುಟ್ಟುಹಬ್ಬಕ್ಕೆ ಯಾರೂ ಶುಭಾಶಯ ಹೇಳಲಿಲ್ಲವೆಂದು ಎರಡನೆಯ ಹೆಸರಿನಲ್ಲಿ ತಾನೇ ಹೇಳಿಕೊಂಡದ್ದು. ‘ನಿಯಮ ಅಂದರೆ ನಿಯಮ’ ಎಂದು ಇವನು ಅವನ ಹೆಸರನ್ನು ಹುಟ್ಟಿದ ದಿನವೇ ಅಳಿಸಿದ್ದ.

ಮುಂಗುಸಿ ಬಂದವನೇ ಕಚ್ಚಿದ. ‘ಎಬ್ಬಿಸಿದವರ ಹೆಸರನ್ನ ಬೂದಿ ಬಣ್ಣದಲ್ಲಿ ಕೆಳಗೆ ಹಾಕಿದೀರಲ್ಲ, ಅದೇನು ಸತ್ತವರ ಪಟ್ಟಿಯಾ?’ ಬೋರ್ಡಿನವನು ಸಿಡಿದು ಬೀಳುತ್ತಾನೆ, ಜನ ಎರಡು ಪಾಲಾಗುತ್ತಾರೆ ಎಂದು ಇವನು ಕಾದ. ಹತ್ತು ನಿಮಿಷದಲ್ಲಿ ಉತ್ತರ ಬಂತು: ‘ಮುಂಗುಸಿಯವರೇ, ನೂರಕ್ಕೆ ನೂರು ಸರಿ. ಸಂಜೆಯೊಳಗೆ ಸರಿಮಾಡ್ತೀನಿ.’ ಸಂಜೆಯೊಳಗೆ ಸಾಲು ತಲೆಗೇರಿತ್ತು. ಮುಂಗುಸಿಗೆ ತೊಂಬತ್ತು ಹೃದಯ.

ಅಣ್ಣ ಹೇಳಿದರೆ ಈಗಿನವರಿಗೆ ಇದೇ ಇಷ್ಟ. ಮುಂಗುಸಿ ಹೇಳಿದರೆ ನೂರಕ್ಕೆ ನೂರು! ಕನ್ನಡಕದಣ್ಣನಿಗೆ ಸರಿಯಾಗಿಯೇ ಉರಿಯಿತು. ಯಾರ ಮೇಲೆ ಉರಿಯಿತು ಎಂಬುದು ಮಾತ್ರ ಆಗ ಸ್ಪಷ್ಟವಾಗಲಿಲ್ಲ.

ಮುಂಗುಸಿ ದಿನಕ್ಕೊಂದು ಕಚ್ಚಿದ. ಗುಂಡಿ ತೀರಾ ಮೂಲೆಯಲ್ಲಿದೆ, ಹಳದಿಯ ಮೇಲೆ ಬಿಳಿ ಬರೆದಿದ್ದೀರಿ, ಚಿತ್ರ ಮಬ್ಬಾಗಿದೆ. ಮೂವತ್ತು ವರ್ಷ ಗಾಜು ಉಜ್ಜಿದ ಕಣ್ಣು, ತಪ್ಪೆಲ್ಲಿ ಬರಬೇಕು? ಬೋರ್ಡಿನವನು ಒಂದೊಂದನ್ನೂ ತಿದ್ದಿ, ಒಂದೊಂದಕ್ಕೂ ಕೈಮುಗಿದ. ಸೈಟು ಕಡೆದ ವಿಗ್ರಹದಂತೆ ದಿನದಿನಕ್ಕೆ ಚೆಂದವಾಯಿತು. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡವರನ್ನು ಲೋಕ ಕಂಡಿದೆ. ಶತ್ರುವಿಗೆ ಗುದ್ದಿ ಗುದ್ದಿ ಅವನ ಬೆನ್ನುನೋವು ವಾಸಿಮಾಡಿದವನು ಇವನೊಬ್ಬನೇ. ‘ಮುಂಗುಸಿಯದು ಕಣ್ಣಲ್ಲ, ಭೂತಗನ್ನಡಿ’ ಎಂದು ಒಬ್ಬರು ಬರೆದರು. ‘ಮೊದಲಿಂದ ಇಂಥವರೊಬ್ಬರು ಇದ್ದಿದ್ದರೆ ಕಪಾಟು ಹಾಗೆ ಧೂಳು ಹಿಡೀತಿತ್ತಾ?’ ಎಂದು ಇನ್ನೊಬ್ಬರು.

ಆಗ ಹೆಸರಿನ ಮಾತು ಬಂತು. ಹೊಸ ಮುಖಕ್ಕೆ ಹೊಸ ಹೆಸರು ಬೇಡವೇ? ಒಂದು ವಾರ ಯಾರು ಬೇಕಾದರೂ ಹೆಸರು ಸೂಚಿಸಬಹುದು, ಆಮೇಲೆ ಮತ. ಸದಸ್ಯ ಒಂದು ಬರೆದ: ‘ಕ್ಯಾಸೆಟ್ ಕಪಾಟು ಎಂಬ ಹೆಸರೇ ಇರಲಿ.’ ಬೋರ್ಡಿನವನು ‘ರೆಟ್ರೋ ರಾಜ್ಯ’ ಎಂದ. ಅದು ಗೆಲ್ಲುವ ಲಕ್ಷಣ ಕಂಡಾಗ ಕನ್ನಡಕದಣ್ಣನ ಕೈ ತಡೆಯಲಿಲ್ಲ. ಮುಂಗುಸಿಯ ಬಾಯಲ್ಲಿ ಬರೆದ: ‘ನಿಮ್ಮ ಹೊಸ ಪುಟ ತೆವಳಿಕೊಂಡು ತೆರೆಯೋ ಚೆಂದ ನೋಡಿದರೆ ರಾಜ್ಯ ಗೀಜ್ಯ ಯಾಕೆ? ಊಟಕ್ಕೆ ಕರೆದ ಅಮ್ಮನಿಗೆ ನಾವೆಲ್ಲ ಹೇಳ್ತಿದ್ವಲ್ಲ, ಇರಮ್ಮಾ ಲೋಡ್ ಆಗ್ತಿದೆ ಅಂತ? ಅದನ್ನೇ ಇಟ್ಟುಬಿಡಿ.’

ಇದು ಬೈಗುಳ. ಇದಕ್ಕಿಂತ ಶುದ್ಧವಾದ ಬೈಗುಳ ಆ ವಾರ ಆ ಊರಿನಲ್ಲಿ ಹುಟ್ಟಿರಲಿಲ್ಲ. ಆದರೆ ಓದಿದವರೆಲ್ಲ ಕಣ್ಣೊರೆಸಿಕೊಂಡರು. ಅವರೆಲ್ಲ ಒಂದು ಕಾಲಕ್ಕೆ ಹತ್ತು ವರ್ಷದ ಮಕ್ಕಳಾಗಿ, ಕಿರಿಚುವ ಟೇಪಿನ ಮುಂದೆ ಉಸಿರು ಹಿಡಿದು ಕೂತು, ಅಡುಗೆಮನೆಯ ಕಡೆಗೆ ಅದೇ ಮಾತು ಕೂಗಿದವರು. ‘ನಮ್ಮಮ್ಮ ಕರೆದ ಹಾಗಾಯಿತು’ ಎಂದು ಐವತ್ತರ ಒಬ್ಬ ಬ್ಯಾಂಕ್ ಅಧಿಕಾರಿ ಬರೆದ.

ಮತ ಎಣಿಸಿದರು. ‘ಇರಮ್ಮಾ, ಲೋಡ್ ಆಗ್ತಿದೆ’: ಸಾವಿರದ ಒಂಬೈನೂರ ನಾಲ್ಕು. ‘ರೆಟ್ರೋ ರಾಜ್ಯ’: ಅರವತ್ತೊಂದು. ‘ಕ್ಯಾಸೆಟ್ ಕಪಾಟು’: ಹನ್ನೆರಡು. ಆ ಹನ್ನೆರಡರಲ್ಲಿ ಒಂದು ಸದಸ್ಯ ಒಂದರದು, ಇನ್ನೊಂದು ಮುಂಗುಸಿಯದು. ಬೋರ್ಡಿನವನು ಸೋತು ಎಷ್ಟು ಚೆಂದವಾಗಿ ನಕ್ಕನೆಂದರೆ, ಸೋಲುವುದರಲ್ಲೂ ಅವನೇ ಗೆದ್ದ.

ಆ ಭಾನುವಾರ ಮಾವನ ಮನೆಯಲ್ಲಿ ಎಲ್ಲರೂ ಸೇರಿದ್ದರು.

“ಯಾರಪ್ಪಾ ಅದು ಮುಂಗುಸಿ?” ಎಂದರು ಮಾವ. “ತಲೆ ಅಂದ್ರೆ ತಲೆ.”

“ಗೊತ್ತಿಲ್ಲ ಮಾವ,” ಎಂದ ಬೋರ್ಡಿನವನು. “ಆದ್ರೆ ಮುಂದಿನ ವಾರ ನನ್ನ ಅಂಗಡೀಲಿ ಹೊಸ ಹೆಸರಿನ ಬೋರ್ಡು ಹೊತ್ತಿಸ್ತಿದೀನಿ. ಅವರಿಗೂ ಬರೋಕೆ ಹೇಳಿದೀನಿ. ಸೈಟಿನ ಮೊದಲ ಪುಟದಲ್ಲೇ ಹಾಕ್ತೀನಿ, ‘ಹೆಸರಿಟ್ಟವರು: ಮುಂಗುಸಿ’ ಅಂತ.”

“ಅಣ್ಣನ ಹೆಸರು?” ಎಂದಳು ನಾದಿನಿ.

“ಇದೆಯಲ್ಲ, ‘ನಮ್ಮ ಬಗ್ಗೆ’ ಪುಟದಲ್ಲಿ. ಕೊನೇಲಿ.”

ವಾಪಸು ಬರುವಾಗ ದಾರಿಯಲ್ಲಿ ಹೆಂಡತಿ ತನ್ನಷ್ಟಕ್ಕೆ ನಗುತ್ತಿದ್ದಳು. “ಇರಮ್ಮಾ ಲೋಡ್ ಆಗ್ತಿದೆ... ಎಂಥಾ ಹೆಸರು ರೀ! ನಿಮಗೆ ಯಾಕೆ ಹೊಳೀಲಿಲ್ಲ?”

ಉಗುಳಲಾರ, ನುಂಗಲಾರ. ಕನ್ನಡಕದಣ್ಣ ಲೋಕದ ಮೇಲೆಲ್ಲ ಹೊಟ್ಟೆಕಿಚ್ಚು ಪಟ್ಟು ಅನುಭವವಿದ್ದವನು. ಆದರೆ ಮೂಗಿಲ್ಲದ, ಬಾಯಿಲ್ಲದ, ತಾನೇ ಊಟದ ಹೊತ್ತಿನಲ್ಲಿ ಹುಟ್ಟಿಸಿದ ಪ್ರಾಣಿಯ ಮೇಲೆ ಹೀಗೆ ಉರಿಯುವುದು ಅವನಿಗೂ ಹೊಸದು. ಆ ವಾರ ಎರಡು ಗಾಜು ಒಡೆದ. ಒಬ್ಬರ ಎಡಗಣ್ಣನ್ನು ಇನ್ನೊಬ್ಬರ ಬಲಕ್ಕೆ ಕೂರಿಸಿದ. ಅಳಿಸಿಬಿಡಲೇ ಅವನನ್ನು ಎಂದು ಯೋಚಿಸಿದ. ಅಳಿಸಿದರೆ ಜನ ಹುಡುಕಿಕೊಂಡು ಹೊರಡುತ್ತಾರೆ, ಇನ್ನೂ ದೊಡ್ಡವನಾಗುತ್ತಾನೆ. ಹೇಳಿಬಿಡಲೇ ಎಂದುಕೊಂಡ, ಹೇಳಿದರೆ ನಾಲ್ಕನೆಯ ನಿಯಮ, ಸದಸ್ಯ ಒಂದು ಹೋಯಿತು, ನಾನೂರ ಹನ್ನೆರಡು ಸಾಲು ಹೋಯಿತು. ಬಾಯಿ ಮುಚ್ಚಿಕೊಂಡಿರುವುದೇ ಸರಿ ಎಂದು ತೀರ್ಮಾನಿಸಿ ಭಾನುವಾರ ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿಕೊಂಡು ಹೊರಟ.

ಬೋರ್ಡಿನವನ ಅಂಗಡಿಯಲ್ಲಿ ಬಣ್ಣದ ಹಾಳೆಗಳ ಸುರುಳಿ, ಕತ್ತರಿಸಿದ ಅಕ್ಷರಗಳ ರಾಶಿ, ಮಧ್ಯೆ ನಲವತ್ತು ಕುರ್ಚಿ. ಸದಸ್ಯರು ಬಂದು ತುಂಬಿದ್ದರು. ಗೋಡೆಯ ಮೇಲೆ ಬೋರ್ಡು ಹೊತ್ತಿಕೊಂಡಿತು: ‘ಇರಮ್ಮಾ, ಲೋಡ್ ಆಗ್ತಿದೆ’. ಪಕ್ಕದಲ್ಲಿ ಬಾಲ ಎತ್ತಿದ ಒಂದು ಮುಂಗುಸಿ, ಹಸಿರು ದೀಪದಲ್ಲಿ.

“ಮುಂಗುಸಿಯವರು ಬಂದಿದ್ರೆ ದಯವಿಟ್ಟು ಮುಂದೆ ಬನ್ನಿ,” ಎಂದ ಬೋರ್ಡಿನವನು.

ಪಿಸುಮಾತು ನಿಂತಿತು. ಕನ್ನಡಕದಣ್ಣ ಕಾಲ ಬೆರಳುಗಳನ್ನು ಚಪ್ಪಲಿಯೊಳಗೇ ಬಿಗಿದು ಕೂತ. ಆಗ ಹಿಂದಿನ ಸಾಲಿನಲ್ಲಿ ಯಾರೋ ಎದ್ದರು. ಅದೇ ಬಸ್ ಕಂಡಕ್ಟರು. ಹೊರಹಾಕಿಸಿಕೊಂಡ ಮೇಲೆ ಹೊಸ ಸಂಖ್ಯೆ ಪಡೆದು ಮತ್ತೆ ಸೇರಿದ್ದ. ಪಾಪ, ಬಾಯಾರಿ ನೀರಿನ ಡಬ್ಬದ ಕಡೆ ಹೊರಟಿದ್ದನಷ್ಟೇ. ಆದರೆ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಇಬ್ಬರು ಹೋಗಿ ಅವನನ್ನು ತಬ್ಬಿಕೊಂಡರು. ಬ್ಯಾಂಕ್ ಅಧಿಕಾರಿ ಅವನ ಎರಡೂ ಕೈ ಹಿಡಿದು, “ನಮ್ಮಮ್ಮನ್ನ ನೆನಪು ಮಾಡಿಬಿಟ್ರಿ ಸ್ವಾಮಿ!” ಎಂದ. ಕಂಡಕ್ಟರು “ಅಯ್ಯೋ, ನಾನು...” ಎಂದನೇ ಹೊರತು, ಆ ಚಪ್ಪಾಳೆಯಲ್ಲಿ ಮುಂದಿನ ಮಾತು ಹುಡುಕುವ ಆತುರ ಅವನಿಗೇನೂ ಇದ್ದಂತೆ ಕಾಣಲಿಲ್ಲ. ಬದುಕಿನಲ್ಲಿ ಮೊದಲ ಸಲ ಜನ ತನ್ನ ಕಡೆ ಟಿಕೆಟ್ಟಿಗಲ್ಲದೆ ಕೈಚಾಚಿದ್ದರು.

“ನಾನು ಕಣ್ರೀ!”

ಕೂಗಿದ್ದು ಯಾರೆಂದು ಎಲ್ಲರೂ ತಿರುಗಿದರು. ಕನ್ನಡಕದಣ್ಣ ಕುರ್ಚಿಯ ಮೇಲೇ ಹತ್ತಿ ನಿಂತಿದ್ದ.

“ಮುಂಗುಸಿ ನಾನು! ಹೆಸರಿಟ್ಟಿದ್ದು ನಾನು! ಅವನಲ್ಲ, ನಾನು!”

“ಅಣ್ಣಾ, ಕೂತ್ಕೊಳ್ಳಿ, ಬಿಸಿಲಿಗೆ ಬಂದಿದೀರಿ,” ಎಂದ ಬೋರ್ಡಿನವನು ಮೆಲ್ಲಗೆ. ಯಾರೋ ನೀರು ತರಲು ಓಡಿದರು. ಯಾರೂ ನಂಬಲಿಲ್ಲ. ಅದು ಇನ್ನೂ ಉರಿಸಿತು. ಫೋನು ತೆಗೆದು, ಮುಂಗುಸಿಯಾಗಿ ಒಳಹೋಗಿ ಬರೆದ: ‘ನಾನೇ.’ ನಲವತ್ತು ಜೇಬುಗಳಲ್ಲಿ ನಲವತ್ತು ಫೋನುಗಳು ಒಟ್ಟಿಗೆ ಟಿಣ್ ಎಂದವು.

ಆಗ ಮುಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದರು. ತೆರಿಗೆ ಕಚೇರಿಯ ಗುಮಾಸ್ತೆ, ಸದಸ್ಯ ಸಂಖ್ಯೆ ಎರಡು.

“ನಾಲ್ಕನೇ ನಿಯಮ,” ಎಂದರು.

“ಬಿಡಿ ಅಮ್ಮಾ,” ಎಂದ ಬೋರ್ಡಿನವನು. “ಕಟ್ಟಿದವರೇ ಅವರು. ಅವರಿಗೆಂಥ ನಿಯಮ?”

“ಏಳು ಜನಕ್ಕೆ ಇತ್ತಲ್ಲ?”

“ನನ್ನ ಹುಟ್ಟುಹಬ್ಬಕ್ಕೂ ಇತ್ತು,” ಎಂದ ಕಂಡಕ್ಟರು. ಕೈಯಲ್ಲಿ ಇನ್ನೂ ಬ್ಯಾಂಕ್ ಅಧಿಕಾರಿಯ ಕೈ ಇತ್ತು. ಅಧಿಕಾರಿ ಮೆಲ್ಲಗೆ ಬಿಡಿಸಿಕೊಂಡ.

“ನಾನು ಹೇಳ್ತೀನಿ, ಅಣ್ಣನ್ನ ಬಿಟ್ಟುಬಿಡೋಣ,” ಎಂದು ಬೋರ್ಡಿನವನು ಎರಡೂ ಕೈ ಎತ್ತಿದ. ಜನ ಅವನ ಮುಖ ನೋಡಿ ಕರಗುತ್ತಿದ್ದರು. ಇನ್ನೊಂದು ಮಾತಾಡಿದ್ದರೆ ಒಪ್ಪಿಯೂ ಬಿಡುತ್ತಿದ್ದರು. ಷಡ್ಡಕನ ಕೃಪೆಯಿಂದ ಸದಸ್ಯ ಒಂದಾಗಿ ಉಳಿಯುವುದೇ? ಆ ಸಂಖ್ಯೆಯನ್ನು ನೋಡಿದಾಗಲೆಲ್ಲ ಅವನ ಕೂದಲು ಕಾಣುವುದೇ?

“ನೀನು ಸುಮ್ನಿರು,” ಎಂದ ಕನ್ನಡಕದಣ್ಣ. “ನಿಯಮ ಬರೆದೋನು ನಾನು.”

ಕುರ್ಚಿಯಿಂದ ಇಳಿದು, ಕೂತು, ಮೊದಲು ಮುಂಗುಸಿಯನ್ನು ಅಳಿಸಿದ. ಅದಕ್ಕೆ ಹೆಚ್ಚು ಹೊತ್ತೇನೂ ಹಿಡಿಯಲಿಲ್ಲ, ಸತ್ಯ ಹೇಳಬೇಕೆಂದರೆ ಸ್ವಲ್ಪ ಖುಷಿಯೂ ಆಯಿತು. ಆಮೇಲೆ ಸದಸ್ಯ ಒಂದನ್ನು ತೆರೆದ. ‘ಖಚಿತವೇ?’ ಎಂದು ಫೋನು ಕೇಳಿತು. ಅವನು ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿ, ಮತ್ತೆ ಹಾಕಿಕೊಂಡು, ಪ್ರಶ್ನೆಯನ್ನು ಇನ್ನೊಮ್ಮೆ ಓದಿದ. ಒತ್ತಿದ. ನಾನೂರ ಹನ್ನೆರಡು ಪುಟಗಳಲ್ಲಿ ‘ಎಬ್ಬಿಸಿದವರು: ಹಳೆಯ ಸದಸ್ಯ’ ಎಂದಾಯಿತು. ಮೊದಲ ಪುಟದಲ್ಲಿ ‘ಹೆಸರಿಟ್ಟವರು: ಹಳೆಯ ಸದಸ್ಯ’ ಎಂದಾಯಿತು. ಗುಮಾಸ್ತೆ ಎದ್ದು ಬಂದು ಅವನ ಪಕ್ಕದ ಕುರ್ಚಿಯಲ್ಲಿ ಕೂತರು. ಚಪ್ಪಾಳೆಯನ್ನು ಯಾರೂ ಹೊಡೆಯಲಿಲ್ಲ. ಹೊಡೆದಿದ್ದರೆ ಅವನು ಎಣಿಸುತ್ತಿದ್ದ.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದ. ಆಕೆ ಮೊದಲು ಬೈದಳು, ಆಮೇಲೆ ಬಹಳ ಹೊತ್ತು ಅವನ ಮುಖ ನೋಡಿದಳು. “ಹಾಗಾದ್ರೆ ಆ ಹೆಸರು ನಿಮಗೇ ಹೊಳೆದಿದ್ದಾ?” ಎಂದಳು.

“ಬೈಯೋಕೆ ಹೋಗಿ ಹೊಳೀತು.”

“ಪರವಾಗಿಲ್ಲ. ಹೊಳೀತಲ್ಲ.”

ಸೋಮವಾರ ಮಧ್ಯಾಹ್ನ, ಮಾಲೀಕರು ಊಟಕ್ಕೆ ಹೋದ ಮೇಲೆ, ಅವನು ಹೊಸದಾಗಿ ಅರ್ಜಿ ತುಂಬಿದ. ತಾನೇ ಕಟ್ಟಿದ ಮನೆಯ ಬಾಗಿಲಲ್ಲಿ ನಿಂತು ತಾನೇ ಕರೆಗಂಟೆ ಒತ್ತಿದ ಹಾಗೆ. ‘ನೀವು ಮೊದಲು ಲೋಡ್ ಮಾಡಿದ ಆಟ ಯಾವುದು?’ ಎಂದು ಸೈಟು ಕೇಳಿತು. ಉತ್ತರ ಬರೆದು ಕಳಿಸಿದ. ಒಂದು ನಿಮಿಷದೊಳಗೆ ಒಪ್ಪಿಗೆ ಬಂತು. ಆ ಒಂದು ನಿಮಿಷ ಯಾಕೆ ತಡವಾಯಿತೆಂದು ಅವನಿಗೆ ಸ್ವಲ್ಪ ಕಸಿವಿಸಿಯಾಯಿತು. ಕೆಳಗೆ ಬೋರ್ಡಿನವನ ಸಾಲು: ‘ಬನ್ನಿ ಅಣ್ಣಾ. ಇನ್ನೂರು ಕ್ಯಾಸೆಟ್ ಕಾಯ್ತಾ ಇವೆ, ನಮಗ್ಯಾರಿಗೂ ಆ ತಿರುಪು ತಿರುಗಿಸೋಕೆ ಬರಲ್ಲ.’ ಇದನ್ನು ಅವನು ನಾಲ್ಕು ಸಲ ಓದಿದ. ಐದನೆಯ ಸಲ ತನ್ನ ಸಂಖ್ಯೆ ಕಂಡಿತು: ಮೂರು ಸಾವಿರದ ನೂರ ಹತ್ತೊಂಬತ್ತು.

ಹಾಗಾದರೆ ನೂರ ಹದಿನೆಂಟು ಯಾರು? ತನಗಿಂತ ಹತ್ತು ನಿಮಿಷ ಮುಂಚೆ ನುಗ್ಗಿದ ಆ ಮಹಾನುಭಾವ ಯಾರು?

ತೆರೆದು ನೋಡಿದ. ಹೊಸ ಸದಸ್ಯರು ಬರೆಯುವ ಪರಿಚಯದ ಪುಟ, ಒಂಬತ್ತು ಸಾಲು. ‘ನನಗೆ ಆಟ ಗೊತ್ತಿಲ್ಲ. ಇಪ್ಪತ್ತೊಂದು ವರ್ಷದಿಂದ ನಮ್ಮ ಮನೆ ಹಿಂದಿನ ರೂಮಿಂದ ಬೆಕ್ಕು ಕಿರಿಚೋ ಶಬ್ದ ಕೇಳ್ಕೊಂಡು ಬಂದಿದೀನಿ. ಊಟಕ್ಕೆ ಬನ್ನಿ ಅಂದ್ರೆ, ಇರೇ ಲೋಡ್ ಆಗ್ತಿದೆ ಅಂತಾರೆ. ಆರಿದ ಅನ್ನ ಎಷ್ಟು ಸಲ ಬಿಸಿ ಮಾಡಿದೀನೋ ಆ ದೇವರಿಗೇ ಗೊತ್ತು. ಅಷ್ಟು ಸಲ ಅವರು ಎಬ್ಬಿಸಿದಾರೆ...’

ಹತ್ತು ನಿಮಿಷಕ್ಕೆ ಮುನ್ನೂರ ಆರು ಹೃದಯ. ಅವನು ನೋಡುತ್ತಿದ್ದಂತೆಯೇ ಮುನ್ನೂರ ಏಳಾಯಿತು.

ಕನ್ನಡಕದಣ್ಣ ಮನೆಗೆ ಫೋನು ಹಚ್ಚಿದ.

“ಏನೇ ಇದು?”

“ಓದಿದ್ರಾ?” ಎಂದಳು. “ಹೇಗಿದೆ?”

“ಹೇಳದೆ ಕೇಳದೆ ನನಗಿಂತ ಮುಂಚೆ ಸೇರ್ಕೊಂಡಿದೀಯಲ್ಲ!”

“ರೀ, ಹೇಗಿದೆ ಅಂತ ಕೇಳ್ದೆ.”

ಮುಂದುಗಡೆ ಮಾಲೀಕರು ಬಾಗಿಲು ತೆರೆದ ಸದ್ದಾಯಿತು.

“ಚೆನ್ನಾಗಿದೆ,” ಎಂದ. ಆ ಒಂದು ಮಾತು ಹೊರಬರುವಾಗ ಒಳಗಿನಿಂದ ಏನೇನು ಕಿತ್ತುಕೊಂಡು ಬಂತೋ. “ಸ್ವಲ್ಪ ಉದ್ದ ಆಯ್ತು.”

ಫೋನಿಟ್ಟು, ಮುನ್ನೂರ ಎಂಟನೆಯ ಹೃದಯ ಒತ್ತಿ, ಅವಳ ಸಾಲುಗಳನ್ನು ಇನ್ನೊಮ್ಮೆ ಎಣಿಸಿ ಖಚಿತಪಡಿಸಿಕೊಂಡು, ಅವನು ತನ್ನ ಪರಿಚಯ ಬರೆಯಲು ಕೂತ. ಹತ್ತು ಸಾಲಿಗೆ ಒಂದೂ ಕಡಿಮೆಯಾಗಬಾರದು.